ಬಾಗಿಲು ತೆಗೆದಿರಲಿ

ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನಗಳಲ್ಲಿ ಅವನು ಬ್ರೆಡ್ಡಿನ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವುದಕ್ಕೂ ಅವಳು ಕನ್ನಡಕದ ಅಂಗಡಿಗೆ ಹೊರಡುವುದಕ್ಕೂ ಸರಿಹೋಗುತ್ತಿತ್ತು. ಅವನು ಮೆಟ್ಟಿಲು ಹತ್ತುವಾಗ ಅವಳು ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ತಿಂಡಿ ಮುಚ್ಚಿಟ್ಟಿದೀನಿ."

"ಹೂಂ. ಹುಷಾರಾಗಿ ಹೋಗು."

ಅಷ್ಟೇ ಮಾತು. ಸಂಜೆ ಅವಳು ಬರುವಷ್ಟರಲ್ಲಿ ಅವನು ಹೊರಟುಹೋಗಿರುತ್ತಿದ್ದ. ಹಾಸಿಗೆ ಮಡಿಸಿಟ್ಟು, ತಟ್ಟೆ ತೊಳೆದು ಬೋರಲು ಹಾಕಿ, ಅವಳ ಬಟ್ಟೆಯನ್ನೂ ಮಡಿಸಿಟ್ಟು ಹೋಗುತ್ತಿದ್ದ. ಮನೆ ಯಾರೂ ಬಾಳದ ಮನೆಯ ಹಾಗೆ ಅಚ್ಚುಕಟ್ಟಾಗಿರುತ್ತಿತ್ತು.

ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳು ನಕ್ಕಳು. "ತಟ್ಟೆ ತೊಳೆಯೋ ಗಂಡ ಸಿಕ್ಕಿದಾನಲ್ಲೇ! ನಿಮ್ಮ ಭಾವನ್ನ ಒಂದಷ್ಟು ದಿನ ತರಬೇತಿಗೆ ಅಲ್ಲಿಗೆ ಕಳಿಸ್ತೀನಿ ಇರು."

ಇವಳೂ ನಕ್ಕಳು. ಫೋನಿಟ್ಟ ಮೇಲೆ ಮನೆ ಮೊದಲಿಗಿಂತ ಸುಮ್ಮನಾಯಿತು.

ಈ ಸಂಬಂಧ ಕೂಡಿಸಿದವರು ಪಾಸ್ಟರ್ ಹೆಂಡತಿ. ಚರ್ಚಿನ ಸಭೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಪಾಸ್ಟರಮ್ಮ ಎಂದು. "ಹುಡುಗ ಮಾತು ಕಮ್ಮಿ. ಆದರೆ ಎಂಥವರ ಮಗ ಗೊತ್ತಾ? ಅವರಪ್ಪ ನಮ್ಮ ಸಭೆಯ ಹಿರಿಯರಾಗಿದ್ದೋರು. ಅವರು ಪ್ರಾರ್ಥನೆಗೆ ನಿಂತರೆ ಕಲ್ಲೂ ಕರಗೋದು. ಅಂಥ ಮನೇಲಿ ಬೆಳೆದವನು ನಿನ್ನನ್ನ ಎಂದೂ ಕೈಬಿಡಲ್ಲ," ಎಂದು ಅವರು ಹೇಳಿದ್ದರು. ಹುಡುಗನ ತಾಯಿ ಅವನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ತಂದೆ ತೀರಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಅಂತ್ಯಕ್ರಿಯೆಗೆ ಚರ್ಚು ಸಾಲದೆ ಜನ ಬೀದಿಯಲ್ಲಿ ನಿಂತಿದ್ದರಂತೆ.

ಅವಳಿಗೂ ಬೇಕಾಗಿದ್ದದ್ದು ಅಂಥ ಮನೆಯೇ. ಅವಳ ತಂದೆ ತಾಯಿ ಚರ್ಚಿಗೆ ಹೋಗುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ, ಸಾವಿಗೆ. ಮನೆಯಲ್ಲಿ ದೇವರ ಮಾತೇ ಇರಲಿಲ್ಲ. ಗಂಡಹೆಂಡತಿ ದಿನದ ಕೊನೆಗೆ ಒಟ್ಟಿಗೆ ಮೊಣಕಾಲೂರಿ, ಅವತ್ತಿನ ಸುಖದುಃಖವನ್ನೆಲ್ಲ ದೇವರ ಮುಂದಿಟ್ಟು ಮಲಗುವ ಮನೆಯೊಂದನ್ನು ಅವಳು ತನ್ನ ಮನಸ್ಸಿನಲ್ಲಿ ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದಳು. ಮದುವೆಯ ಉಡುಗೊರೆಯಾಗಿ ಪಾಸ್ಟರಮ್ಮ ಮಾವನವರ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟಾಗ ಅವಳೇ ಅದನ್ನು ಊಟದ ಮೇಜಿನ ಮೇಲಿನ ಗೋಡೆಗೆ ನೇತುಹಾಕಿದಳು. ಅವಳು ಮೊಳೆ ಹೊಡೆಯುವಾಗ ಅವನು ಕುರ್ಚಿ ಹಿಡಿದುಕೊಂಡ, ಅಷ್ಟೆ.

ಮೊದಲ ವಾರ ಅವನಿಗೆ ರಜೆಯಿತ್ತು. ಊಟವಾದ ಮೇಲೆ ಅವಳು ಸತ್ಯವೇದ ತಂದು ಮೇಜಿನ ಮೇಲಿಟ್ಟು, "ಬನ್ನಿ, ಪ್ರಾರ್ಥನೆ ಮಾಡೋಣ," ಎಂದರೆ ಅವನಿಗೆ ಆಗಲೇ ನಲ್ಲಿ ನಿಲ್ಲಿಸುವುದು ನೆನಪಾಗುತ್ತಿತ್ತು. ಇಲ್ಲವೇ ಕೆಳಗಡೆ ಗೇಟು ಹಾಕಿದೆಯೋ ನೋಡಿ ಬರಬೇಕಾಗುತ್ತಿತ್ತು. ಒಂದೆರಡು ದಿನ ಕೂತ. ಅವಳು ಪ್ರಾರ್ಥಿಸುವಷ್ಟು ಹೊತ್ತೂ ಅವನ ಕುರ್ಚಿ ಕಿರುಗುಟ್ಟುತ್ತಿತ್ತು. ಆಮೆನ್ ಆದೊಡನೆ ನೀರಿನಿಂದ ಎದ್ದವನ ಹಾಗೆ ಎದ್ದು ಹೋಗುತ್ತಿದ್ದ. ರಜೆ ಮುಗಿಯುವ ಹೊತ್ತಿಗೆ, "ರಾತ್ರಿ ಪಾಳಿಗೆ ಹಾಕಿದಾರೆ. ಸ್ವಲ್ಪ ದಿನ ಅಷ್ಟೇ. ಆಮೇಲೆ ಹಗಲು ಕೊಡ್ತಾರೆ," ಎಂದ.

ಆ ಸ್ವಲ್ಪ ದಿನ ತಿಂಗಳುಗಳಾದವು. ಸಂಜೆ ಅವಳು ಒಬ್ಬಳೇ ಬಡಿಸಿಕೊಂಡು, ಒಬ್ಬಳೇ ಓದಿ, ಒಬ್ಬಳೇ ಪ್ರಾರ್ಥಿಸಿ ಮಲಗುತ್ತಿದ್ದಳು. "ಅವರಿಗೆ ಹಗಲು ಪಾಳಿ ಸಿಗಲಿ" ಎನ್ನುವುದೇ ಪ್ರಾರ್ಥನೆಯ ಮೊದಲೂ ಕೊನೆಯೂ ಆಗಿತ್ತು. ಪಕ್ಕದ ಮನೆಯಲ್ಲಿ ಗಂಡಹೆಂಡತಿ ಟಿವಿ ರಿಮೋಟಿಗಾಗಿ ಕಿತ್ತಾಡುವುದು ಗೋಡೆಯಾಚೆಯಿಂದ ಕೇಳಿದರೆ, ಅವಳಿಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಭಾನುವಾರ ಅವನು ಪಾಳಿಯಿಂದ ನೇರವಾಗಿ ಚರ್ಚಿಗೆ ಬಂದು ಅವಳ ಪಕ್ಕ ಕೂರುತ್ತಿದ್ದ. ಪಾಸ್ಟರರ ಪ್ರಸಂಗ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ತೂಕಡಿಸುತ್ತಿದ್ದ. "ನಮ್ಮ ಪಾಸ್ಟರ್ ಹೇಳೋ ಪ್ರತಿಯೊಂದು ಮಾತಿಗೂ ನಿಮ್ಮ ಯಜಮಾನರು ತಲೆದೂಗ್ತಾರಪ್ಪ!" ಎಂದು ಹಿಂದಿನ ಬೆಂಚಿನ ಹೆಂಗಸೊಬ್ಬಳು ನಗೆಯಾಡಿದಳು. ಇವಳು ನಕ್ಕು, ಅವನ ತೋಳನ್ನು ಮೆಲ್ಲಗೆ ಚಿವುಟಿದಳು. ಭಾನುವಾರ ರಾತ್ರಿ ಅವನಿಗೆ ವಾರದ ರಜೆ. ಆದರೆ ಸಂಜೆಯ ಕೂಟ ಮುಗಿದ ಮೇಲೆ ಕುರ್ಚಿ ಜೋಡಿಸುವ, ಕಸ ಗುಡಿಸುವ, ದೀಪ ಆರಿಸುವ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡು, ಅವಳ ಕಣ್ಣು ಎಳೆಯುವ ಹೊತ್ತಿಗೆ ಮನೆಗೆ ಬರುತ್ತಿದ್ದ. "ಎಂಥ ಸೇವೆಯ ಮನಸ್ಸು!" ಎಂದು ಪಾಸ್ಟರಮ್ಮ ಕೊಂಡಾಡಿದರು.

ಒಂದು ಸಲ ಸ್ತ್ರೀಯರ ಕೂಟದಲ್ಲಿ ಅವರು ಇವಳನ್ನೇ ಎಬ್ಬಿಸಿ ನಿಲ್ಲಿಸಿದರು. "ಹೊಸ ಮದುಮಗಳು ದೇವರು ಮಾಡಿದ ಉಪಕಾರಕ್ಕೆ ಒಂದು ಸಾಕ್ಷಿ ಹೇಳಲಿ. ಕುಟುಂಬ ಪ್ರಾರ್ಥನೆ ಹೇಗೆ ನಡೀತಿದೆ, ಹೇಳಮ್ಮಾ."

ಮುಂದೆ ಕೂತವರ ಮುಖಗಳೆಲ್ಲ ಇವಳ ಕಡೆ ತಿರುಗಿದವು. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ದೇವರ ದಯೆಯಿಂದ ದಿನಾ ಮಾಡ್ತೀವಿ. ಅವರು ಎಷ್ಟೇ ದಣಿದಿದ್ರೂ ಅದೊಂದನ್ನ ತಪ್ಪಿಸಲ್ಲ. ಅವರು ಪ್ರಾರ್ಥಿಸೋದು ಕೇಳ್ತಿದ್ರೆ ನಂಗೆ ಮಾವನೋರನ್ನ ನೋಡಿದ ಹಾಗೇ ಆಗತ್ತೆ," ಎಂದುಬಿಟ್ಟಳು. ಮಾತು ತಾನಾಗಿಯೇ ನೂಲಿನ ಹಾಗೆ ಬಿಚ್ಚಿಕೊಂಡು ಬಂತು. ಹೆಂಗಸರು ಸ್ತೋತ್ರ ಎಂದರು. ಒಬ್ಬರಂತೂ ಕಣ್ಣೊರೆಸಿಕೊಂಡರು.

ಅವತ್ತು ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ಅವಳ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಗೋಡೆಯ ಮೇಲೆ ಮಾವನವರು ನಗುತ್ತಿದ್ದರು. ಸತ್ಯವೇದ ಮುಚ್ಚಿಟ್ಟು ಮಲಗಿದಳು. ಗಂಡ ದೂರ ಇದ್ದಾಗ ದೇವರಾದರೂ ಹತ್ತಿರವಿದ್ದ. ಈಗ ಅವನೂ ಎದ್ದುಹೋದ ಹಾಗಿತ್ತು.

ಹೀಗಿರುವಾಗ ಒಂದು ದಿನ ಅಂಗಡಿಗೆ ದಪ್ಪ ಮೀಸೆಯ ಗಿರಾಕಿಯೊಬ್ಬರು ಬಂದರು. ಕನ್ನಡಕದ ಕಾಲು ಸೊಟ್ಟಗಾಗಿ, ಅದು ಮೂಗಿನ ಮೇಲೆ ಓರೆಯಾಗಿ ಕೂತಿತ್ತು. ಅವಳು ಕಾಲನ್ನು ಬಿಸಿಗಾಳಿಗೆ ಹಿಡಿದು ಮೆತ್ತಗೆ ಮಾಡಿ, ಬಗ್ಗಿಸಿ, ಅವರ ಕಿವಿಯ ಹಿಂದೆ ಕೂರಿಸಿ ನೋಡುತ್ತಿದ್ದಳು. ಅವರ ಅಂಗಿಯಿಂದ ಪರಿಚಿತ ವಾಸನೆ ಬಂತು. ಸುಟ್ಟ ಹಿಟ್ಟಿನದು.

"ಬ್ರೆಡ್ ಕಾರ್ಖಾನೆಯವರಾ ಸಾರ್? ನಮ್ಮ ಮನೆಯವರೂ ಅಲ್ಲೇ. ಓವನ್ ಹತ್ರ ಇರ್ತಾರೆ, ರಾತ್ರಿ ಪಾಳಿ. ಮಾತು ಕಮ್ಮಿ."

"ಓ, ನಮ್ಮ ಮೌನಿ ಹೆಂಡತಿನಾ ನೀನು!" ಅವರಿಗೆ ಖುಷಿಯಾಯಿತು. "ನಾನು ಅವನ ಸೂಪರ್‌ವೈಸರ್ ಕಣಮ್ಮ. ಚಿನ್ನದಂಥ ಕೆಲಸಗಾರ. ಅಲ್ಲಾ, ಹೊಸದಾಗಿ ಮದುವೆಯಾದವನು, ಹಗಲು ಪಾಳಿ ಕೊಡ್ತೀನಿ ಬಾರಪ್ಪ ಅಂತ ನಾನೇ ಕರೆದ್ರೆ ಬೇಡ ಅಂದ್ಬಿಟ್ಟನಲ್ಲ! ಒಂದ್ಸಲ ಅಲ್ಲ, ಎರಡು ಸಲ. ಉಳಿದೋರು ಹಗಲು ಪಾಳಿಗೆ ನನ್ನ ಕಾಲು ಹಿಡೀತಾರೆ. ಮನೇಲಿ ಜಗಳ ಗಿಗಳ ಮಾಡ್ಕೊಂಡಿದೀರಾ ಹೇಗೆ?"

"ಛೆ, ಇಲ್ಲ ಸಾರ್," ಎಂದಳು. "ಈಗ ಸರಿ ಕೂತಿದೆಯಾ ನೋಡಿ."

ಅವರು ಕನ್ನಡಿಯಲ್ಲಿ ನೋಡಿಕೊಂಡು ಸರಿಯಾಗಿದೆ ಎಂದರು. ಅವರು ಹೋದ ಮೇಲೆ ಅವಳು ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಲೆನ್ಸಿನ ಖಾಲಿ ಡಬ್ಬಿಗಳ ನಡುವೆ ನಿಂತುಕೊಂಡಳು. ಅಳು ಬರಲಿಲ್ಲ. ದಿನವೂ ದೇವರಲ್ಲಿ ಬೇಡಿಕೊಂಡದ್ದನ್ನು ದೇವರು ಎರಡು ಸಲ ಕೊಟ್ಟಿದ್ದ, ಗಂಡ ಎರಡು ಸಲವೂ ಹಿಂದಕ್ಕೆ ಕಳಿಸಿದ್ದ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬೇರೆ ಯಾರನ್ನೋ ಇಟ್ಟುಕೊಂಡಿದ್ದಾನೆಯೇ ಎಂದೂ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಆ ವಿಷಯ ಎತ್ತಲಿಲ್ಲ. ಎತ್ತದೆ ಇರುವುದೇ ಅವಳ ಕೋಪವಾಯಿತು. ತಿಂಡಿ ಮುಚ್ಚಿಡುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಅವನು ಬರುವ ಮುಂಚೆಯೇ ಹೊರಟು, ಅಂಗಡಿಯ ಶೆಟರು ತೆಗೆಯುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅವನಿಗೆ ಏನೋ ಆಗಿದೆಯೆಂದು ತಿಳಿಯಿತು. ಆದರೆ ಕೇಳಲಿಲ್ಲ. ಬದಲಿಗೆ ಇನ್ನೂ ಹೆಚ್ಚು ಕೆಲಸ ಮಾಡಿದ. ಅವಳ ಬಟ್ಟೆಗೆ ಇಸ್ತ್ರಿ ಹಾಕಿಟ್ಟ, ಕಿಟಕಿಯ ಗಾಜು ಉಜ್ಜಿಟ್ಟ, ಸವೆದ ಚಪ್ಪಲಿಗೆ ಹೊಲಿಗೆ ಹಾಕಿಸಿ ತಂದ. ಸಂಜೆ ಆ ಇಸ್ತ್ರಿ ಬಟ್ಟೆ ನೋಡಿದಾಗೆಲ್ಲ ಅವಳ ಮೈ ಉರಿಯುತ್ತಿತ್ತು. ಬಾಯಿ ಬಿಟ್ಟು ಒಂದು ಮಾತು ಆಡುವ ಬದಲು ಇದು.

ಆಮೇಲೊಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಯಿತು. ಅವನು ಸಂಜೆಯ ಕೂಟಕ್ಕೆ ಮುಂಚೆಯೇ ಹೋಗಿ ಕುರ್ಚಿ ಹಾಕಬೇಕೆಂದು ಎದ್ದ.

"ಕೂತ್ಕೊಳ್ಳಿ," ಎಂದಳು. "ಇವತ್ತು ಪ್ರಾರ್ಥನೆ ಮಾಡಿ ಹೋಗಿ."

"ಹೊತ್ತಾಗತ್ತೆ..."

"ಕುರ್ಚಿಗಳು ಓಡಿಹೋಗಲ್ಲ."

ಮೆಟ್ಟಿಲಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ಅವಳು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ತಿರುಗಿ ನೋಡಿದರೆ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನವಳು ಗಮನಿಸಿದಳು, ಆದರೆ ಕೋಪದಲ್ಲಿದ್ದಳು. ಎದುರಿಗೆ ಕೂತು, ಕಣ್ಣು ಮುಚ್ಚಿ, "ತಂದೆಯೇ," ಎಂದು ಶುರುಮಾಡಿದಳು. "ಈ ಮನೇಲಿ ಏನು ಸುಳ್ಳು ನಡೀತಿದೆ ಅನ್ನೋದು ನಿನಗೆ ಗೊತ್ತು..."

ಕುರ್ಚಿ ಧಡಾರನೆ ಬಿದ್ದ ಸದ್ದಾಯಿತು. ಕಣ್ಣು ತೆರೆದರೆ ಅವನು ಬಾಗಿಲ ಹತ್ತಿರವಿದ್ದ. ನಡುಗುವ ಕೈಗೆ ಚಿಲಕ ಸಿಗುತ್ತಿರಲಿಲ್ಲ. ಸಿಕ್ಕಿತು. ಬಾಗಿಲನ್ನು ಹಾಗೇ ಬಿಟ್ಟು ಇಳಿದುಹೋದ.

ಅವಳು ಮೆಟ್ಟಿಲಿನ ತನಕ ಓಡಿ, "ಹಗಲು ಪಾಳಿ ಬೇಡ ಅಂದೋರು ನೀವೇ ಅಲ್ವಾ? ಎರಡು ಸಲ! ನನ್ನ ಮುಖ ನೋಡಬಾರದು ಅಂತ ತಾನೇ?" ಎಂದು ಕೂಗಿದಳು. ಆಡುತ್ತಿದ್ದ ಮಕ್ಕಳು ಬಾಯಿ ಮುಚ್ಚಿದರು. ಕೆಳಮನೆಯ ಬಾಗಿಲೊಂದು ತೆರೆಯಿತು. ಕೆಳಗೆ ಅವನ ಹೆಜ್ಜೆ ಒಂದು ಕ್ಷಣ ನಿಂತಿತು. ಮತ್ತೆ ಇಳಿಯಿತು.

ಅವನು ಆ ರಾತ್ರಿ ಬರಲಿಲ್ಲ. ರಜೆಯಿದ್ದರೂ ಪಾಳಿಗೆ ಹೋಗಿದ್ದೇನೆಂದು ಒಂದು ಸಾಲಿನ ಸಂದೇಶ ಬಂತು. ಅವಳು ಅಕ್ಕನಿಗೆ ಫೋನು ಮಾಡಿ, ಮದುವೆಯಾದಾಗಿನಿಂದ ಹೇಳದೆ ಇದ್ದುದನ್ನೆಲ್ಲ ಹೇಳಿದಳು. ಅಕ್ಕ ಈ ಸಲ ನಗಲಿಲ್ಲ.

"ಹೊಡೆದನೇನೇ?"

"ಇಲ್ಲಕ್ಕ."

"ಕುಡೀತಾನಾ?"

"ಇಲ್ಲ."

"ಮತ್ತೆ ಅವನಿಗೇನು ರೋಗ?"

"ಗೊತ್ತಿಲ್ಲ ಅಕ್ಕ. ನಂಗೆ ಅವರ ಬಗ್ಗೆ ಏನೂ ಗೊತ್ತಿಲ್ಲ."

"ಬಂದ್ಬಿಡು ಇಲ್ಲಿಗೆ. ಆಮೇಲೆ ನೋಡೋಣ."

ಬೆಳಿಗ್ಗೆ ಅವಳು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಸಿಟಿ ಬಸ್ಸು ಹತ್ತಿದಳು. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಬ್ರೆಡ್ ಕಾರ್ಖಾನೆ. ಅದರ ಗೋಡೆ ಕಂಡಾಗ, ಹೇಳದೆ ಹೋದರೆ ತಾನೂ ಅವನ ಹಾಗೇ ಆದೆ ಎನ್ನಿಸಿತು. ಇಳಿದಳು.

ಗೇಟಿನಿಂದ ರಾತ್ರಿ ಪಾಳಿಯವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಬ್ರೆಡ್ಡಿನ ವ್ಯಾನುಗಳು ಒಂದರ ಹಿಂದೊಂದು ಹೊರಟವು. ಅವನು ಕೊನೆಗೆ ಬಂದ, ಒಬ್ಬನೇ. ಟ್ರೇ ತಾಗಿ ಸುಟ್ಟ ಕಲೆಗಳು ಮುಂಗೈ ತುಂಬ ಇದ್ದವು. ಬಿಸಿಲಿನಲ್ಲಿ ಅವುಗಳನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು. ಅವನು ಅವಳನ್ನು ನೋಡಿದ, ಚೀಲವನ್ನು ನೋಡಿದ.

"ಅಕ್ಕನ ಮನೆಗಾ?"

"ಹೂಂ."

"ಒಳ್ಳೇದು," ಎಂದ. "ನಿನ್ನ ತಪ್ಪೇನಿಲ್ಲ."

"ಹಾಗಾದ್ರೆ ಯಾರ ತಪ್ಪು? ಅದನ್ನಾದ್ರೂ ಹೇಳಿ. ಹೇಳಿದ ಮೇಲೆ ಹೋಗ್ತೀನಿ."

ಎದುರಿಗೆ ಬಸ್ ಸ್ಟಾಪಿನ ಬೆಂಚು ಖಾಲಿ ಇತ್ತು. ಕೂತರು, ನಡುವೆ ಚೀಲ. ಒಂದು ಬಸ್ಸು ಬಂದು, ನಿಂತು, ಇವರು ಏಳದಿದ್ದುದನ್ನು ನೋಡಿ ಹೋಯಿತು.

"ನಮ್ಮಪ್ಪ ಮನೆ ಪ್ರಾರ್ಥನೆಗೆ ಮುಂಚೆ ಚಿಲಕ ಹಾಕೋರು," ಎಂದ. "ಗದ್ದಲ ಒಳಗೆ ಬರಬಾರದು ಅಂತ. ಆಮೇಲೆ ಪ್ರಾರ್ಥನೆ. ಪಾಸ್ಟರಮ್ಮ ಹೇಳಿದ್ದು ನಿಜ, ಕಲ್ಲೂ ಕರಗೋದು. ಅದರಲ್ಲೇ ಅವತ್ತು ಅಮ್ಮ ಏನು ತಪ್ಪು ಮಾಡಿದ್ರು, ನಾನೇನು ತಪ್ಪು ಮಾಡಿದೆ ಅಂತ ಒಂದೊಂದಾಗಿ ದೇವರಿಗೆ ಹೇಳೋರು. ಅನ್ನ ಸೀದಿದ್ದು. ನಾನು ಎದುರು ಮಾತಾಡಿದ್ದು. ಆಮೆನ್ ಆದ್ಮೇಲೆ ಬೆಲ್ಟು."

ಅವಳು ಅವನ ಕಡೆ ತಿರುಗಿದಳು.

"ಮೊದಲು ಅಮ್ಮಂಗೆ. ಆಮೇಲೆ ನಂಗೆ. ಆಮೆನ್ ಅನ್ನೋದನ್ನ ನಾನು ಅಮ್ಮ ಇಬ್ರೂ ಆದಷ್ಟು ತಡ ಮಾಡ್ತಿದ್ವಿ. ಭಾನುವಾರ ಜನ ಬಂದು, ನಿಂಗೆ ಎಂಥ ತಂದೇಪ್ಪಾ ಅನ್ನೋರು." ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. "ಚರ್ಚಲ್ಲಿ ನಂಗೇನೂ ಆಗಲ್ಲ. ಜನ ಇರ್ತಾರೆ, ಬಾಗಿಲು ತೆಗೆದಿರತ್ತೆ. ಮನೇಲಿ ಸಂಜೆ, ನೀನು ಆ ಪುಸ್ತಕ ತಂದಿಟ್ಟು ಬನ್ನಿ ಅಂದ್ರೆ ಕಣ್ಣು ಚಿಲಕದ ಕಡೆಗೇ ಹೋಗತ್ತೆ. ನೀನು ತಂದೆಯೇ ಅಂದ್ರೆ ಸಾಕು, ನನ್ನ ಕಣ್ಣಿಗೆ ದೇವರು ಬರಲ್ಲ. ಅವರು ಬರ್ತಾರೆ. ಮೇಲೆ ಫೋಟೋ ಬೇರೆ."

"ಅಯ್ಯೋ, ಫೋಟೋ ನಾನೇ ಹಾಕಿದೆನಲ್ರೀ. ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನೀನು ಮೊಳೆ ಹೊಡೀತಾ ನಗ್ತಿದ್ದೆ."

"ಮದುವೆಗೆ ಮುಂಚೆ ಹೇಳಬೇಕಿತ್ತು ನೀವು," ಎಂದಳು.

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ನೇನೋ. ಗೊತ್ತಿಲ್ಲ. ಆದ್ರೆ ಕೇಳೋ ಹಕ್ಕು ನಂಗಿತ್ತು."

"ಇತ್ತು," ಎಂದು ಅವನು ಒಪ್ಪಿಕೊಂಡ. "ಹಗಲು ಪಾಳಿ ಕೊಟ್ಟಾಗ ಬೇಡ ಅಂತ ಬಾಯಿಂದ ತಾನಾಗೇ ಬಂದ್ಬಿಡ್ತು. ಅದೊಂದೇ ಅಲ್ಲ. ನಂಗೂ ಕೋಪ ಬರತ್ತೆ. ಕೋಪ ಬಂದಾಗ ಈ ಕೈ ನೋಡಿದ್ರೆ ಅವರ ಕೈಯೇ. ಅದೇ ಬೆರಳು. ಮನೇಲಿ ಇಲ್ಲದಿದ್ರೆ ನಿನ್ನ ಮೇಲೆ ಎತ್ತೋ ಪ್ರಶ್ನೆನೇ ಇರಲ್ವಲ್ಲ."

ಬೀದಿ ಗುಡಿಸುವ ಹೆಂಗಸು ಇವರ ಕಾಲ ಹತ್ತಿರ ಬಂದು ನಿಂತಳು. ಇಬ್ಬರೂ ಕಾಲೆತ್ತಿದರು. ಅವಳು ಗುಡಿಸಿಕೊಂಡು ಮುಂದೆ ಹೋದಳು.

"ಹಾಗಾದ್ರೆ ನೀವು ಪ್ರಾರ್ಥನೇನೇ ಮಾಡಲ್ವಾ?"

"ಮಾಡ್ತೀನಿ. ಓವನ್ ಮುಂದೆ. ಮಿಷನ್ ಸದ್ದಿರತ್ತಲ್ಲ, ಯಾರಿಗೂ ಕೇಳಲ್ಲ."

"ಏನಂತ?"

ಅವನಿಗೆ ನಾಚಿಕೆಯಾಯಿತು. "ಕರ್ತನೇ, ಈ ಕೈ ನಿನ್ನ ಹತ್ರ ಇರಲಿ ಅಂತ. ಅಷ್ಟೇ. ನಂಗೆ ಉದ್ದಕ್ಕೆ ಬರಲ್ಲ."

ಆಗ ಅವಳಿಗೆ ಅಳು ಬಂತು. ಅವನನ್ನು ಮುಟ್ಟಬೇಕೆನ್ನಿಸಿದರೂ ಹೇಗೆ ಮುಟ್ಟುವುದೆಂದು ತಿಳಿಯಲಿಲ್ಲ. ಅಂಗಿಯ ತೋಳಿನ ಅಂಚನ್ನು ಹಿಡಿದುಕೊಂಡಳು. "ನಾನೂ ಸುಳ್ಳು ಹೇಳಿದೀನಿ," ಎಂದಳು. ಸ್ತ್ರೀಯರ ಕೂಟದಲ್ಲಿ ಹೇಳಿದ ಸಾಕ್ಷಿಯನ್ನು ಒಂದಕ್ಷರ ಬಿಡದೆ ಅವನಿಗೆ ಹೇಳಿದಳು. ನಿಮಗೆ ಹಗಲು ಪಾಳಿ ಸಿಗಲಿ ಅಂತ ಬೇಡಿಕೊಂಡಿದ್ದರಲ್ಲಿ ನಿಮ್ಮ ಮೇಲಿನ ಪ್ರೀತಿ ಎಷ್ಟಿತ್ತೋ, ಜನ ಏನಂತಾರೋ ಅನ್ನೋದೂ ಅಷ್ಟೇ ಇತ್ತು ಎಂದಳು. ಅವನು ತಲೆ ತಗ್ಗಿಸಿ ಕೇಳಿದ. "ಮಾವನೋರನ್ನ ನೋಡಿದ ಹಾಗಾಗತ್ತೆ ಅಂದ್ಯಾ?" ಎಂದು ಕೇಳಿ, ನಗು ಬಂದಿತೋ ಏನೋ, ಮುಖ ಆಚೆ ತಿರುಗಿಸಿಕೊಂಡ.

ಅವಳು ಅಕ್ಕನ ಮನೆಗೆ ಹೋದಳು. ಹೋಗುವುದಾಗಿ ಹೇಳಿಬಿಟ್ಟಿದ್ದಳು. ಒಬ್ಬಳೇ ಯೋಚಿಸಬೇಕೂ ಆಗಿತ್ತು. ಒಂದು ವಾರವಿದ್ದು ವಾಪಸು ಬಂದಳು. ಅಷ್ಟರಲ್ಲಿ ಗೋಡೆಯ ಮೇಲಿನ ಫೋಟೋ ಇರಲಿಲ್ಲ, ಮೊಳೆ ಇತ್ತು. ಫೋಟೋವನ್ನು ಅವನು ಎಸೆದಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದ. ಅವಳು ಮೊಳೆಯನ್ನೂ ಕಿತ್ತಳು.

ಹೇಳಿದ ಸುಳ್ಳನ್ನು ಹಿಂತೆಗೆದುಕೊಳ್ಳಲು ಅವಳು ಪಾಸ್ಟರಮ್ಮನ ಬಳಿಗೆ ಹೋದಳು. ಗಂಡನನ್ನು ಕೇಳಿಕೊಂಡೇ ಹೋಗಿದ್ದಳು. ಅವರು ಕಾಫಿ ಕೊಟ್ಟು ಎಲ್ಲ ಕೇಳಿಸಿಕೊಂಡರು. ಅವರ ಮುಖ ಗಂಟಾಯಿತು.

"ತೀರಿಕೊಂಡ ಮಹಾನುಭಾವರ ಮೇಲೆ ಎಂಥ ಮಾತಮ್ಮಾ! ಮಕ್ಕಳಿಗೆ ನಾಲ್ಕೇಟು ಬಿಗಿಯದ ಅಪ್ಪ ಯಾರಿದಾರೆ? ಅವನಿಗೆ ಪ್ರಾರ್ಥನೆ ಮಾಡೋಕೆ ಸೋಮಾರಿತನ. ಅದಕ್ಕೆ ಕತೆ ಕಟ್ಟಿದಾನೆ."

"ಇಲ್ಲ ಅಮ್ಮ. ನಾನು ಅವರ ಕೈ ನಡುಗೋದು ನೋಡಿದೀನಿ."

ಮಾತು ಸಭೆಯಲ್ಲೆಲ್ಲ ಹಬ್ಬಿ, ಆಮೇಲಿನ ಭಾನುವಾರಗಳಲ್ಲಿ ಇವರಿಬ್ಬರ ಬೆಂಚಿನಲ್ಲಿ ಜಾಗ ಹೆಚ್ಚಾಯಿತು. ಹಿಂದಿನ ಬೆಂಚಿನವಳು ತಮಾಷೆ ಮಾಡುವುದನ್ನು ಬಿಟ್ಟಳು. ಇವರು ಹತ್ತಿರ ಬಂದರೆ ಗುಂಪಿನ ಮಾತು ಥಟ್ಟನೆ ನಿಲ್ಲುತ್ತಿತ್ತು. ಅವಳಿಗೆ ಚರ್ಚೂ ಮನೆಯ ಸಂಜೆಯ ಹಾಗೇ ಆಯಿತು. ಒಂದೇ ವ್ಯತ್ಯಾಸವೆಂದರೆ ಪಕ್ಕದಲ್ಲಿ ಅವನಿದ್ದ, ಎಚ್ಚರವಾಗಿದ್ದ. ಹಗಲು ಪಾಳಿ ಬೇಕೆಂದು ಅವನೇ ಹೋಗಿ ಸೂಪರ್‌ವೈಸರನ್ನು ಕೇಳಿದ್ದ. ಅವರು ಮೀಸೆಯಡಿ ನಕ್ಕು ಒಪ್ಪಿಕೊಂಡಿದ್ದರು.

ಒಂದು ದಿನ ಸಂಜೆ ಪಾಸ್ಟರ್ ಒಬ್ಬರೇ ಮನೆಗೆ ಬಂದರು. ಪ್ರಸಂಗಪೀಠದಲ್ಲಿ ತಡವರಿಸದ ಮನುಷ್ಯ ಊಟದ ಮೇಜಿನ ಮುಂದೆ ಕೂತು, ಕೊಟ್ಟ ನೀರನ್ನು ಕುಡಿದು, ಲೋಟವನ್ನು ತಿರುಗಿಸುತ್ತಲೇ ಇದ್ದರು.

"ಆ ಮನೇಲಿ ನಾನು ಎಷ್ಟೋ ಸಲ ಊಟ ಮಾಡಿದೀನಿ," ಎಂದರು ಕೊನೆಗೆ. "ನಿಮ್ಮ ತಾಯಿ ಬಡಿಸೋರು. ಸೆಖೆಗಾಲದಲ್ಲೂ ಉದ್ದ ತೋಳಿನ ರವಿಕೆ ಹಾಕೋರು. ನಂಗೆ ಯಾಕೆ ಅಂತ ಕೇಳಬೇಕು ಅನ್ನಿಸಲಿಲ್ಲ." ಅವರು ಲೋಟವನ್ನು ಕೆಳಗಿಟ್ಟರು. "ನಾನು ನೋಡಬೇಕಿತ್ತಪ್ಪ. ನನ್ನ ಕೆಲಸಾನೇ ಅದು. ನನ್ನನ್ನ ಕ್ಷಮಿಸು."

ಅವಳು ಕಂಡಂತೆ, ಮೊದಲ ಸಲ ಅವನ ಹೆಗಲು ಸ್ವಲ್ಪ ಕೆಳಗಿಳಿಯಿತು. ಏಳುವಾಗ ಪಾಸ್ಟರ್, "ಪ್ರಾರ್ಥನೆ ಮಾಡಿ ಹೋಗ್ಲಾ? ಬೇಡ ಅಂದ್ರೂ ಬೇಜಾರಿಲ್ಲ," ಎಂದರು.

ಅವನು ಬಾಗಿಲ ಕಡೆ ನೋಡಿದ. "ಮಾಡಿ. ಬಾಗಿಲು ತೆಗೆದಿರಲಿ."

ಬಾಗಿಲು ತೆಗೆದೇ ಪ್ರಾರ್ಥಿಸಿದರು. ಮೆಟ್ಟಿಲಿನಲ್ಲಿ ಯಾರೋ ಸೌತೆಕಾಯಿಯ ಬೆಲೆ ಬಯ್ಯುತ್ತ ಹತ್ತಿಹೋದರು. ಪಾಸ್ಟರ್ ತಂದೆ ಎಂಬ ಪದವನ್ನು ಬಳಸಲಿಲ್ಲ. ಅವರದು ಬಹಳ ಚಿಕ್ಕ ಪ್ರಾರ್ಥನೆಯಾಗಿತ್ತು.

ಅಂದಿನಿಂದ ಇಬ್ಬರೂ ಹಾಗೇ ಮಾಡಿದರು. ಬಾಗಿಲು ತೆಗೆದು, ಕಣ್ಣು ತೆರೆದು. ಅವಳು ಒಂದೆರಡು ಮಾತು ಹೇಳುತ್ತಿದ್ದಳು, ಅದೂ ತನ್ನ ವಿಷಯ ಮಾತ್ರ. ಅವನ ತಪ್ಪನ್ನು ದೇವರ ಮುಂದೆ ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅವನು ಒಮ್ಮೊಮ್ಮೆ ತನ್ನ ಒಂದು ಸಾಲನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ಆಗದ ದಿನ ಎದ್ದು ಮೆಟ್ಟಿಲಿನಲ್ಲಿ ಹೋಗಿ ನಿಲ್ಲುತ್ತಿದ್ದ. ಅವಳು ಒಬ್ಬಳೇ ಮುಗಿಸುತ್ತಿದ್ದಳು. ಆ ದಿನಗಳಲ್ಲಿ ಹಳೆಯ ಒಂಟಿತನ ಮತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತ ಹಾಗಾಗುತ್ತಿತ್ತು. ಇದೇನಾ ನಾನು ಬೇಡಿದ ಮನೆ ಎಂದು ಅವಳು ದೇವರನ್ನೇ ಕೇಳುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಆದರೂ ಕೇಳಿದ ಮೇಲೆ ನಿದ್ದೆ ಬರುತ್ತಿತ್ತು.

ಒಂದು ಸಂಜೆ ಜಗಳವಾಯಿತು. ಕಾರಣ ಏನೂ ದೊಡ್ಡದಲ್ಲ. ಅವಳ ಅಕ್ಕ ಏನೋ ಅಂದಳೆಂದು ಅವಳು ಹೇಳಿದಳು. ನಮ್ಮ ಮನೆ ವಿಷಯ ಅವಳಿಗ್ಯಾಕೆ ಹೇಳ್ತೀಯ ಎಂದು ಅವನು ದನಿ ಏರಿಸಿದ. ಅವಳೂ ಏರಿಸಿದಳು. ಅವನು ಕೈಯಲ್ಲಿದ್ದ ಗಾಜಿನ ಲೋಟವನ್ನು ಗೋಡೆಗೆ ಎಸೆದ. ಚೂರುಗಳು ಅವಳ ಕಾಲ ಹತ್ತಿರ ಬಿದ್ದವು. ಅವನು ತನ್ನ ಕೈಯನ್ನು ನೋಡಿಕೊಂಡು, ಕುಸಿದು ನೆಲದ ಮೇಲೆ ಕೂತ. ಎರಡೂ ಕೈಗಳನ್ನು ತನ್ನ ಕೆಳಗೆ ಹಾಕಿಕೊಂಡು ಕೂತ.

ಏನಿಲ್ಲ ಬಿಡಿ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ನಂಗೆ ಭಯ ಆಯ್ತು," ಎಂದಳು.

"ನಂಗೂ," ಎಂದ.

"ಇನ್ನೊಂದು ಸಲ ಹೀಗಾದ್ರೆ ನಾನು ಇರಲ್ಲ. ದೇವರ ಮುಂದೆ ಮಾತು ಕೊಟ್ಟಿದೀನಿ, ನಿಜ. ಆದ್ರೆ ನಿಮ್ಮಮ್ಮನ ಹಾಗೆ ಇರ್ತೀನಿ ಅಂತ ಮಾತು ಕೊಟ್ಟಿಲ್ಲ."

"ಇರಬೇಡ," ಎಂದ ಅವನು. "ಹಾಗೆ ಇರಬೇಡ." ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು, ಪಾಸ್ಟರಿಗೆ ಫೋನು ಮಾಡಿ, ನಡೆದದ್ದನ್ನು ನಡೆದ ಹಾಗೇ ಹೇಳಿದ. ಇಂಥ ಮನೆಗಳಲ್ಲಿ ಬೆಳೆದವರ ಜೊತೆ ಮಾತಾಡುವ ಡಾಕ್ಟರರೊಬ್ಬರು ಇದ್ದಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಪಾಸ್ಟರ್ ಹೇಳಿದರು. ಅವನು ಚೂರು ಗುಡಿಸಿದ. ಅವತ್ತು ಪ್ರಾರ್ಥನೆಯಾಗಲಿಲ್ಲ.

ಮರುದಿನ ಅವನು ಬರುವ ಹೊತ್ತು ಮೀರಿತು. ಅವಳು ಕಿಟಕಿಯಲ್ಲಿ ನಿಂತಳು. ಕೆಲಸದಿಂದ ಬರುವವರೆಲ್ಲ ಬಂದು ಬಾಗಿಲು ಹಾಕಿಕೊಂಡರು. ಬೀದಿಯ ದೀಪ ಹೊತ್ತಿಕೊಂಡಿತು. ಆಮೇಲೆ ಫೋನು ಬಂತು.

"ಓವರ್‌ಟೈಮಾ?" ಎಂದಳು. ಅವನಿಗೆ ಬೇಕಾದರೆ ಅಲ್ಲೊಂದು ನೆಪ ಸಿದ್ಧವಾಗಿತ್ತು.

"ಅಲ್ಲ," ಎಂದ. ಹಿಂದೆ ವಾಹನಗಳ ಸದ್ದು ಕೇಳುತ್ತಿತ್ತು. "ಪಾರ್ಕ್ ಗೇಟ್ ಹತ್ರ ಕೂತಿದೀನಿ. ಮನೆಗೆ ಬರೋಕೆ ಭಯ ಆಗ್ತಿದೆ."

ಅವಳು ಒಲೆ ಆರಿಸಿದಳು. "ಅಲ್ಲೇ ಕೂತಿರಿ. ನಾನೂ ಬರ್ತೀನಿ."

ಅವನು ಹುಲ್ಲಿನ ಅಂಚಿನ ಗಿಡ್ಡ ಗೋಡೆಯ ಮೇಲೆ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಜನ ಸಾಮಾನಿನ ಚೀಲ ಹಿಡಿದುಕೊಂಡು, ಮಕ್ಕಳನ್ನು ಎಳೆದುಕೊಂಡು ಮುಂದೆ ಹಾದುಹೋಗುತ್ತಿದ್ದರು. ಇವರನ್ನು ಯಾರೂ ನೋಡಲಿಲ್ಲ. ಅವನು ತುಟಿ ಅಲ್ಲಾಡಿಸುತ್ತಿದ್ದ. ಈ ಸಲ ಅವನ ಮಾತು ಅವಳಿಗೂ ಕೇಳಿಸುವಷ್ಟಿತ್ತು. ಅವಳು ಆಮೆನ್ ಎಂದಳು.

"ಹೋಗೋಣ್ವಾ?" ಎಂದು ಕೇಳಿದಳು.

"ಇನ್ನೂ ಸ್ವಲ್ಪ ಹೊತ್ತು ಇರೋಣ."

"ಆಯ್ತು," ಎಂದಳು. ಚಳಿ ಶುರುವಾಗಿತ್ತು. ಅವಳು ಸೆರಗನ್ನು ಹೆಗಲಿಗೆ ಸುತ್ತಿಕೊಂಡು ಹಾಗೇ ಕೂತಳು.